ಉಭಯಚರ ವಾಹನಕ್ಕೆ ವಿಂಚು: ದಡದ ಕಡೆಯಿಂದ ಒಂದು ವಿಚಾರ

ನೆಲದ ಮೇಲೆ ಚಕ್ರಗಳಿಂದ ಓಡಿ, ನೀರಿಗಿಳಿದೊಡನೆ ತೇಲಿ ಮುಂದುವರಿಯತಕ್ಕ ಉಭಯಚರ ವಾಹನಗಳು ನಮ್ಮ ಮಲೆನಾಡಿನ ತಾಲ್ಲೂಕುಗಳಿಗೆ ಒಂದೊಂದಾದರೂ ಬೇಕೆಂದು ವಾದಿಸುವವರಲ್ಲಿ ನಾನೂ ಒಬ್ಬನು. 2025ರ ಆಗಸ್ಟ್ ತಿಂಗಳಲ್ಲಿ ಪಂಜಾಬಿನ ಅಮೃತಸರದ ಸೀಮೆಯ ಹಳ್ಳಿಗಳು ನೆರೆಯಲ್ಲಿ ಮುಳುಗಿದ್ದಾಗ ಭಾರತೀಯ ಸೇನೆಯು ‘ಎಟಾರ್ ಎನ್-1200’ ಎಂಬ ದೈತ್ಯಚಕ್ರದ ವಾಹನಗಳನ್ನು ನೀರಿಗಿಳಿಸಿ ವೃದ್ಧರನ್ನೂ ರೋಗಿಗಳನ್ನೂ ಹೊರಕ್ಕೆ ತಂದ ಚಿತ್ರಗಳನ್ನು ಕಂಡವರಾರೂ ಅಂಥ ಸಾಧನದ ಪ್ರಯೋಜನವನ್ನು ಅಲ್ಲಗಳೆಯಲಾರರು. ಆದರೆ ಈ ವಾಹನಗಳ ಕುರಿತು ಮಾತು ಬಂದಾಗಲೆಲ್ಲ ಅವು ಎಷ್ಟು ಜನರನ್ನು ಹೊರುತ್ತವೆ, ನೀರಿನಲ್ಲಿ ಎಷ್ಟು ವೇಗವಾಗಿ ಚಲಿಸುತ್ತವೆ, ಬೆಲೆ ಎಷ್ಟು ಎಂಬ ವಿಚಾರಣೆಯೇ ಪ್ರಧಾನವಾಗಿ, ನೀರಿಗಿಳಿದ ವಾಹನವು ಮರಳಿ ದಡವನ್ನು ಹತ್ತುವ ಬಗೆ ಯಾವುದೆಂಬ ಪ್ರಶ್ನೆ ಬದಿಗೆ ಸರಿದುಬಿಡುತ್ತದೆ. ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಸುತ್ತಿನ ನೆಲವನ್ನೂ ಅಲ್ಲಿಯ ಮಳೆಯನ್ನೂ ಬಲ್ಲವನಾಗಿ ನಾನು ಹೇಳಬೇಕೆಂದಿರುವುದು ಇಷ್ಟೆ: ಹಗ್ಗವನ್ನು ಉರುಳೆಗೆ ಸುತ್ತಿಕೊಳ್ಳುತ್ತ ಸಿಕ್ಕಿಬಿದ್ದ ವಾಹನವನ್ನು ಎಳೆಯುವ ವಿಂಚು ಇಂಥ ವಾಹನಕ್ಕೆ ಅಲಂಕಾರದ ಉಪಕರಣವಲ್ಲ, ಅದರ ಅರ್ಧ ಪ್ರಾಣ; ಅದನ್ನು ಆರಿಸುವಾಗ ನೋಡತಕ್ಕದ್ದು ಹೊಳೆಯ ಅಗಲವನ್ನಲ್ಲ, ದಡದ ಕೆಸರನ್ನು.

ಅರೇಹಳ್ಳಿಯ ಸೀಮೆಯನ್ನು ಕಾಣದವರಿಗಾಗಿ ಅದರ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟಿ ಚಿಕ್ಕಮಗಳೂರು, ಬೇಲೂರುಗಳನ್ನು ಹಾದು ಗೊರೂರಿನ ಬಳಿ ಹೇಮಾವತಿಯನ್ನು ಕೂಡುವ ಯಗಚಿ ಒಂದು ಕಡೆ. ಮೂಡಿಗೆರೆಯ ಮಲೆಯಿಂದಿಳಿದು ಸಕಲೇಶಪುರದ ಮಗ್ಗುಲಲ್ಲಿ ಹರಿಯುವ ಹೇಮಾವತಿ ಮತ್ತೊಂದು ಕಡೆ. ಇವೆರಡರ ನಡುವಣ ಏರುತಗ್ಗುಗಳ ನಾಡಿನಲ್ಲಿ ಇಳಿಜಾರೆಲ್ಲ ಕಾಫಿ ಮೆಣಸುಗಳ ತೋಟ. ಎರಡು ಇಳಿಜಾರುಗಳ ನಡುವಣ ತಗ್ಗೆಲ್ಲ ಗದ್ದೆ. ಗದ್ದೆಯ ಬಯಲಿನ ನಟ್ಟನಡುವೆ ಬೇಸಗೆಯಲ್ಲಿ ದಾಟಿಹೋದುದೇ ಗೊತ್ತಾಗದಂಥ ಒಂದು ಹಳ್ಳ. ಪುನರ್ವಸು, ಪುಷ್ಯ ಮಳೆಗಳು ಬಿಡದೆ ಹಿಡಿದ ವರ್ಷ ಈ ಹಳ್ಳವೇ ಗದ್ದೆಯ ಬದುಗಳನ್ನು ಮೀರಿ, ಬಯಲೆಲ್ಲವನ್ನೂ ಒಂದೇ ನೀರಿನ ಹಾಳೆಯನ್ನಾಗಿ ಮಾಡಿ, ಅಡಕೆಮರದ ಸಂಕವನ್ನು ಕೊಚ್ಚಿಕೊಂಡು ಹೋಗಿ, ಆಚೆ ದಿಬ್ಬದಲ್ಲಿ ತೋಟದ ಆಳುಗಳಿರುವ ಲೈನ್ ಮನೆಗಳನ್ನು ಈಚೆಯ ರಸ್ತೆಯಿಂದ ಬೇರ್ಪಡಿಸಿಬಿಡುತ್ತದೆ. ನೀರಿನ ಅಗಲ ಬಹಳವಿರುವುದಿಲ್ಲ. ಆಳವೂ ನಡುಹಳ್ಳವನ್ನುಳಿದು ಸೊಂಟಮಟ್ಟವನ್ನು ಮೀರುವುದು ಕಡಮೆ. ಆದರೆ ಆ ನೀರಿನ ಎರಡೂ ಅಂಚಿನಲ್ಲಿರುವುದು ನಾಟಿಗೆಂದು ಉತ್ತು ಹದಮಾಡಿದ ಗದ್ದೆಯ ಮಣ್ಣು, ಅದರ ಮೇಲ್ಗಡೆ ತೋಟದ ಕೆಂಪುಜೇಡಿಯ ಕಡಿದಾದ ದರೆ. ಮರಳಿನ ಅಥವಾ ಕಲ್ಲಿನ ದಡವೆಂಬುದು ನಮ್ಮಲ್ಲಿ ದುರ್ಲಭ. ನಮ್ಮ ದಡವೆಂದರೆ ಹುದುಲು.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗಲೂ, 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೊಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲುರುಳಿ ಗಂಗಾವಳಿ ನದಿಯೊಳಕ್ಕೆ ಕುಸಿದಾಗಲೂ, ಅದೇ ತಿಂಗಳಲ್ಲಿ ಸಕಲೇಶಪುರದ ದೋಣಿಗಾಲಿನ ಬಳಿ ಹೆದ್ದಾರಿಗೆ ಮಣ್ಣು ಬಂದು ಬಿದ್ದಾಗಲೂ ರಕ್ಷಣಾಕಾರ್ಯಕ್ಕೆ ಅಡ್ಡಿಯಾದುದು ಬರಿಯ ನೀರಲ್ಲ. ನೀರಿನೊಡನೆ ಬೆರೆತ ಮಣ್ಣು. ದೋಣಿ ಹೋಗಲಾರದಷ್ಟು ಗಟ್ಟಿ, ಜೀಪು ಹೋಗಲಾರದಷ್ಟು ಮೃದುವಾದ ಆ ಮಧ್ಯಮಾವಸ್ಥೆಯ ನೆಲಕ್ಕಾಗಿಯೇ ಉಭಯಚರ ವಾಹನವನ್ನು ನಿರ್ಮಿಸಿರುವುದು ಹೌದಾದರೂ, ಎಂಥ ಅಗಲವಾದ ಟೈರೂ ಸೋಲುವ ಘಳಿಗೆಯೊಂದು ಅಲ್ಲಿ ಬಂದೇ ಬರುತ್ತದೆ.

ಆ ಘಳಿಗೆಯ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ತೇಲುತ್ತಿರುವ ವಾಹನದ ಭಾರವನ್ನೆಲ್ಲ ನೀರು ಹೊತ್ತಿರುತ್ತದೆ. ಮೂತಿಯು ದಡಕ್ಕೆ ತಗಲಿ ಮುಂದಿನ ಚಕ್ರಗಳು ನೆಲವನ್ನು ಮುಟ್ಟಿದಾಗ ಹಿಂಭಾಗವು ಇನ್ನೂ ತೇಲುತ್ತಲೇ ಇರುವುದರಿಂದ ಹಿಂದಿನ ಚಕ್ರಗಳಿಗೆ ಮಣ್ಣಿನ ಹಿಡಿತವಿಲ್ಲ. ಮುಂದಿನ ಚಕ್ರಗಳಿಗೆ ಹಿಡಿತವಿದ್ದರೂ ಅವುಗಳ ಮೇಲೆ ಸಾಕಷ್ಟು ಭಾರವಿಲ್ಲ. ವಾಹನವು ಒಂದೊಂದು ಅಡಿ ಮೇಲೇರಿದಂತೆಲ್ಲ ನೀರು ತಾನು ಹೊತ್ತಿದ್ದ ಭಾರವನ್ನು ಸ್ವಲ್ಪಸ್ವಲ್ಪವಾಗಿ ಚಕ್ರಗಳಿಗೆ ಒಪ್ಪಿಸುತ್ತ ಬರುತ್ತದೆ, ಮತ್ತು ಚಕ್ರಗಳು ಆ ಭಾರವನ್ನು ಪಡೆಯುವುದು ಅತ್ಯಂತ ಮೆತ್ತಗಾದ ಜಾಗದಲ್ಲಿ, ಅತ್ಯಂತ ಕಡಿದಾದ ಏರಿನಲ್ಲಿ. ಎತ್ತಿನಗಾಡಿಯ ಕಾಲದಲ್ಲಿ ಹೊಳೆಯ ದಂಡೆಯನ್ನು ಹತ್ತಿಸುವುದಕ್ಕೆಂದೇ ಇನ್ನೊಂದು ಜೊತೆ ಎತ್ತುಗಳನ್ನು ಮುಂದೆ ಹೂಡುತ್ತಿದ್ದುದುಂಟು. ವಿಂಚು ಮಾಡಬೇಕಾದುದೂ ಅದೇ ಕೆಲಸವನ್ನು.

ಉಭಯಚರ ವಾಹನಗಳ ಚರಿತ್ರೆಯನ್ನು ನೋಡಿದರೂ ಈ ಮಾತು ಸ್ಪಷ್ಟವಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942 ಮತ್ತು 1943ರಲ್ಲಿ, ಫೋರ್ಡ್ ಕಂಪೆನಿಯು ಜೀಪಿಗೆ ದೋಣಿಯ ಒಡಲನ್ನು ತೊಡಿಸಿ ‘ಜಿಪಿಎ’ ಎಂಬ ವಾಹನವನ್ನು ಹನ್ನೆರಡು ಸಾವಿರಕ್ಕೂ ಮಿಕ್ಕಿ ತಯಾರಿಸಿತು. ಅದರ ಮೂತಿಯ ಮೇಲೆ ಎಂಜಿನ್ನಿನಿಂದಲೇ ತಿರುಗುವ ಲಂಬವಾದ ವಿಂಚೊಂದನ್ನು ಕೂರಿಸಿದ್ದರು. ಆದರೂ ಅದು ಹೆಸರು ಗಳಿಸಲಿಲ್ಲ. ಏಕೆಂದರೆ ನಿರ್ಮಾಣದ ಹಂತದಲ್ಲಿ ಅದರ ತೂಕ ಮೊದಲೆಣಿಸಿದ್ದಕ್ಕಿಂತ ಬಹಳ ಹೆಚ್ಚಾಗಿ, ಒಡಲನ್ನು ಅದಕ್ಕೆ ತಕ್ಕಂತೆ ಹಿಗ್ಗಿಸದೆ ಹೋದುದರಿಂದ, ನೀರಿನಲ್ಲಿ ಅದರ ಅಂಚು ತೀರ ಕೆಳಮಟ್ಟದಲ್ಲಿ ನಿಲ್ಲುತ್ತಿತ್ತು. ಸಣ್ಣ ಅಲೆಯೂ ಒಳಕ್ಕೆ ನುಗ್ಗುತ್ತಿತ್ತು. (ಆ ವಾಹನದ ಒಂದು ನಮೂನೆಯನ್ನು ಯುದ್ಧ ಮುಗಿದ ಮೇಲೆ ಬಂಗಾಳದ ಕಲೈಕುಂಡದಲ್ಲಿ ಕಂಡ ಬೆನ್ ಕಾರ್ಲಿನ್ ಎಂಬ ಆಸ್ಟ್ರೇಲಿಯದ ಎಂಜಿನಿಯರು, ಅಂಥದೇ ಒಂದನ್ನು ಕೊಂಡು ತಿದ್ದಿ 1950ರಲ್ಲಿ ಹೊರಟು ಅಟ್ಲಾಂಟಿಕ್ ಸಾಗರವನ್ನು ದಾಟಿದುದೂ, 1958ರ ಹೊತ್ತಿಗೆ ಭೂಪ್ರದಕ್ಷಿಣೆಯನ್ನೇ ಮುಗಿಸಿದುದೂ ಮಾನವಸಾಹಸದ ಚರಿತ್ರೆಗೆ ಸೇರಿದ ಮಾತು, ಆ ವಾಹನದ ಗುಣಕ್ಕೆ ಅದು ಪ್ರಮಾಣವಲ್ಲ.) ಅದೇ ಕಾಲದ ಇನ್ನೊಂದು ವಾಹನ ಜನರಲ್ ಮೋಟಾರ್ಸಿನವರ ‘ಡಕ್’. ಎರಡೂವರೆ ಟನ್ನಿನ ಲಾರಿಯ ಚಾಸಿಯ ಮೇಲೆ ಕಟ್ಟಿದ ಇದು ಇಪ್ಪತ್ತೊಂದು ಸಾವಿರದಷ್ಟು ತಯಾರಾಗಿ ಯುದ್ಧ ಮುಗಿಯುವವರೆಗೂ ದುಡಿಯಿತು. ಅದರ ವಿಂಚನ್ನು ನಿರ್ಮಾಪಕರು ಇಟ್ಟದ್ದು ಮುಂದೆಯಲ್ಲ, ಹಿಂದೆ. ಬೇಕಾದಾಗ ಅದರ ಹಗ್ಗವನ್ನು ವಾಹನದ ನೆತ್ತಿಯ ಮೇಲಿಂದ ಹಾಯಿಸಿ ಮುಂದಕ್ಕೂ ಎಳೆಯುವಂತೆ ಏರ್ಪಡಿಸಿದ್ದರು. ಟೈರಿನ ಗಾಳಿಯನ್ನು ಚಾಲಕನು ಕುಳಿತಲ್ಲಿಂದಲೇ ಇಳಿಸುವ, ಏರಿಸುವ ವ್ಯವಸ್ಥೆಯೂ ಅದರಲ್ಲಿತ್ತು. ದಡವೇ ಮುಖ್ಯವೆಂದು ತಿಳಿದವರು ಮಾಡಿದ ವಾಹನವದು.

ವಿಂಚಿನ ಕೆಲಸ ಅರೇಹಳ್ಳಿಯವರಿಗೆ ಹೊಸದೇನೂ ಅಲ್ಲ. 1947ರಿಂದ ಮಹೀಂದ್ರ ಕಂಪೆನಿಯವರು ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಲಾರಂಭಿಸಿದ ಮೇಲೆ ಮಲೆನಾಡಿನ ತೋಟಕ್ಕೂ ಜೀಪಿಗೂ ಬೆಳೆದುಬಂದ ನಂಟು ಇಂದಿಗೂ ಸಡಿಲವಾಗಿಲ್ಲ. ಕಳೆದ ಮಳೆಗಾಲದಲ್ಲೊಂದು ದಿನ, ತೋಟದ ಕೆರೆಯ ಏರಿಯ ಕೆಳಗೆ ಗೊಬ್ಬರದ ಮೂಟೆ ಹೇರಿದ್ದ ಜೀಪು ಅಚ್ಚಿನವರೆಗೆ ಹೂತು ನಿಂತಿದ್ದಾಗ, ಮಳೆಯಲ್ಲಿ ನೆನೆಯುತ್ತ ನಿಂತಿದ್ದ, ತೋಟದ ಲೆಕ್ಕ ಬರೆಯುವ ರೈಟರು, “ಆ ಸಿಲ್ವರ್ ಮರಕ್ಕೇ ಕಟ್ಬಿಡೋ ಮಾರಾಯ, ಹತ್ರ ಐತೆ, ಹೊತ್ತಾಯ್ತು” ಎಂದರು. ಡ್ರೈವರ್ ಹುಡುಗ ಆ ಮರದ ಕಡೆ ಒಮ್ಮೆ ನೋಡಿ, “ಬ್ಯಾಡಿ ಸಾರ್, ನೆಲ ನೆಂದೈತೆ, ಬುಡ ಸಮೇತ ಬಂದ್ಬಿಡುತ್ತೆ, ಮೆಣಸಿನ ಬಳ್ಳೀನೂ ಹಾಳು. ಆ ಹಲಸಿನ ಮರಕ್ಕೆ ಹಾಕಣ, ರಾಟೆ ಕೊಡಿ” ಎಂದು ಹೇಳಿ, ದೂರದ ಹಲಸಿನ ಬುಡಕ್ಕೆ ಅಗಲವಾದ ಪಟ್ಟಿಯನ್ನು ಸುತ್ತಿ, ರಾಟೆಯನ್ನು ಸಿಕ್ಕಿಸಿ, ಹಗ್ಗವನ್ನು ಅದರಲ್ಲಿ ಹಾಯಿಸಿ ಮರಳಿ ಜೀಪಿನ ಕೊಂಡಿಗೇ ತಂದು ಹಾಕಿದನು. ಹಗ್ಗದ ಮೇಲೆ ನೆನೆದ ಗೋಣಿಚೀಲವೊಂದನ್ನು ಹೊದಿಸಿ, ಎಲ್ಲರನ್ನೂ ದೂರ ನಿಲ್ಲಿಸಿ, ವಿಂಚು ಎಳೆಯುವುದರ ಜೊತೆಗೆ ಚಕ್ರವೂ ಮೆಲ್ಲನೆ ತಿರುಗುವಂತೆ ಒಂದನೇ ಗೇರಿನಲ್ಲಿ ಹದವಾಗಿ ಬಿಟ್ಟನು. ಜೀಪು ಒಂದಿಷ್ಟೂ ಜಗ್ಗದೆ, ಎಗರದೆ, ತನ್ನ ಪಾಡಿಗೆ ತಾನು ಮೇಲೆ ಬಂತು. ವಿಂಚಿನ ಬಗ್ಗೆ ತಿಳಿಯಬೇಕಾದುದರ ಬಹುಭಾಗ ಆ ಹುಡುಗನ ಕೈಯಲ್ಲಿ ಇತ್ತು. ಆ ತಿಳಿವಳಿಕೆಯನ್ನು ತೇಲುವ ವಾಹನಕ್ಕೆ ಅನ್ವಯಿಸುವಾಗ ಯಾವ ಯಾವ ಅಂಶಗಳು ಬದಲಾಗುತ್ತವೆಂಬುದಷ್ಟೇ ಇಲ್ಲಿ ನಮಗೆ ವಿಚಾರಣೀಯ.

ಮೊದಲು ಶಕ್ತಿಯ ಪ್ರಶ್ನೆ. ವಿಂಚಿನ ಎಳೆತವು ಹೊರೆಸಹಿತವಾದ ವಾಹನದ ತೂಕಕ್ಕೆ ಒಂದೂವರೆ ಪಟ್ಟಾದರೂ ಇರಬೇಕೆಂಬುದು ಸರ್ವಸಾಮಾನ್ಯವಾದ ನಿಯಮ. 2,400 ಕಿಲೋ ತೂಗುವ ವಾಹನ 1,200 ಕಿಲೋ ಹೊರೆ ಹೊತ್ತರೆ ಒಟ್ಟು 3,600. ಅದರ ಒಂದೂವರೆ ಪಟ್ಟೆಂದರೆ 5,400 ಕಿಲೋ, ಅಂಗಡಿಯವರ ಲೆಕ್ಕದಲ್ಲಿ 12,000 ಪೌಂಡಿನ ವಿಂಚು. ಇಷ್ಟಕ್ಕೆ ತೃಪ್ತರಾಗಿ ಹಣ ಕೊಟ್ಟು ಬಂದವನು ಹುದುಲಿನಲ್ಲಿ ಮೋಸಹೋಗುತ್ತಾನೆ. ಹೂತ ವಾಹನಗಳನ್ನು ಎಳೆಯುವ ವಿಷಯದಲ್ಲಿ ಅಮೆರಿಕದ ಸೇನೆಯವರು ಅನುಸರಿಸುತ್ತ ಬಂದಿರುವ ಲೆಕ್ಕದಂತೆ, ಚಕ್ರಮಟ್ಟಕ್ಕೆ ಹೂತ ವಾಹನವು ತನ್ನ ತೂಕದಷ್ಟೇ ಪ್ರತಿರೋಧವನ್ನು ತೋರುತ್ತದೆ. ಮಡ್‌ಗಾರ್ಡಿನ ಮಟ್ಟಕ್ಕೆ ಹೂತರೆ ಅದರ ಎರಡು ಪಟ್ಟು. ಚಾಲಕನ ಕೋಣೆಯ ಮಟ್ಟಕ್ಕೆ ಹೂತರೆ ಮೂರು ಪಟ್ಟು. ಇದಲ್ಲದೆ ಏರಿನ ಒಂದೊಂದು ಡಿಗ್ರಿಗೂ ತೂಕದ ಅರವತ್ತನೆಯ ಒಂದು ಪಾಲನ್ನು ಕೂಡಿಸಬೇಕು. ನಮ್ಮ ವಾಹನವು ಹದಿನೈದು ಡಿಗ್ರಿಯ ದಡದಲ್ಲಿ ಚಕ್ರಮಟ್ಟಕ್ಕೆ ಹೂತಿತೆನ್ನಿ: ಕೆಸರಿಗೆ 3,600, ಏರಿಗೆ 900, ಒಟ್ಟು 4,500 ಕಿಲೋ. ಅಗಲ ಟೈರಿನ ವಾಹನ ಅಷ್ಟು ಸುಲಭವಾಗಿ ಹೂಳುವುದಿಲ್ಲವೆಂಬುದು ನಿಜವಾದರೂ, ವಿಂಚು ಬೇಕಾಗುವುದು ಹೂತ ದಿನವೇ ಹೊರತು ಹೂಳದ ದಿನವಲ್ಲವಾದಕಾರಣ ಲೆಕ್ಕವನ್ನು ಆ ದಿನಕ್ಕೇ ಹಾಕಬೇಕು.

5,400 ಕಿಲೋ ಎಳೆಯುವ ವಿಂಚಿಗೆ 4,500 ಯಾವ ದೊಡ್ಡ ಮಾತು ಎಂದು ಕೇಳಬಹುದು. ತೊಡಕಿರುವುದು ಇಲ್ಲಿಯೇ. ವಿಂಚಿನ ಮೇಲೆ ಬರೆದಿರುವ ಎಳೆತವು ಉರುಳೆಯ ಮೇಲೆ ಹಗ್ಗವು ಒಂದೇ ಸುತ್ತುಪದರವಾಗಿ ಉಳಿದಾಗಿನದು, ಅಂದರೆ ಹಗ್ಗದ ಬಹುಭಾಗವನ್ನು ಹೊರಕ್ಕೆ ಬಿಟ್ಟಾಗಿನದು. ಉರುಳೆಯ ಮೇಲೆ ಪದರ ಪದರವಾಗಿ ಹಗ್ಗ ಕೂತಂತೆಲ್ಲ ಅದರ ವ್ಯಾಸ ಹಿಗ್ಗಿ, ಅದೇ ಮೋಟಾರಿನ ಎಳೆತ ಕುಗ್ಗುತ್ತ ಬಂದು, ನಾಲ್ಕನೆಯ ಪದರದ ಹೊತ್ತಿಗೆ ಸುಮಾರು ಮೂರರಲ್ಲೆರಡು ಪಾಲಿಗೆ ಇಳಿದಿರುತ್ತದೆ. ಮರವು ಹತ್ತಿರದಲ್ಲಿದ್ದು ಹಗ್ಗವನ್ನು ಸ್ವಲ್ಪವೇ ಬಿಟ್ಟು ಎಳೆದರೆ ನಮ್ಮ 12,000 ಪೌಂಡಿನ ವಿಂಚು 3,600 ಕಿಲೋಗಿಂತ ಹೆಚ್ಚು ಎಳೆಯಲಾರದು. ವಾಹನ ಅಲ್ಲಿಯೇ ಇರುತ್ತದೆ, ಮೋಟಾರು ಸುಡುತ್ತದೆ. ಇದಕ್ಕೆ ಪರಿಹಾರವು ಇನ್ನೂ ದೊಡ್ಡ ವಿಂಚಲ್ಲ; ಆ ಹುಡುಗನು ಕೇಳಿದ ರಾಟೆ. ರಾಟೆಯಲ್ಲಿ ಹಾಯಿಸಿದ ಹಗ್ಗವು ಎಳೆತವನ್ನು, ಘರ್ಷಣೆಯ ಅಲ್ಪನಷ್ಟವನ್ನು ಕಳೆದು, ಎರಡು ಪಟ್ಟಾಗಿಸುವುದಲ್ಲದೆ, ಎರಡರಷ್ಟು ಹಗ್ಗವನ್ನು ಹೊರಕ್ಕೆ ತೆಗೆಯುವುದರಿಂದ ಉರುಳೆಯ ಮೇಲಿನ ಪದರಗಳನ್ನೂ ಕಡಮೆಮಾಡುತ್ತದೆ. ವೇಗವು ಅರ್ಧವಾಗುವುದು ದಡದಲ್ಲಿ ದೋಷವಲ್ಲ, ಗುಣ. ಆದರೆ ರಾಟೆಯನ್ನು ಹೊತ್ತ ಮರದ ಮೇಲೆ ಬೀಳುವ ಭಾರವೂ ಹಗ್ಗದಲ್ಲಿರುವ ಎಳೆತದ ಎರಡು ಪಟ್ಟೆಂಬುದನ್ನು ಮರೆಯಲಾಗದು. ಬಿರುಗಾಳಿಗೆ ಮುರಿದು ಬೀಳುವುದರಲ್ಲಿ ಹೆಸರಾದ ಸಿಲ್ವರ್ ಓಕನ್ನು ಬಿಟ್ಟು, ಹಲಸು, ಹೊಂಗೆ, ಹೊಳೆಮತ್ತಿಗಳಂಥ ಗಟ್ಟಿಬೇರಿನ ಮರಗಳನ್ನು ಹುಡುಕಿ, ಪಟ್ಟಿಯನ್ನು ಬುಡದ ಹತ್ತಿರಕ್ಕೇ ಕಟ್ಟಬೇಕು. ಗದ್ದೆಯ ಬಯಲಿನಲ್ಲಿ ಮರವೇ ಇಲ್ಲದಾಗ ಮರದ ದಿಮ್ಮಿಯೊಂದನ್ನು ಅಡ್ಡಲಾಗಿ ಆಳಕ್ಕೆ ಹೂಳಿ ಅದಕ್ಕೆ ಪಟ್ಟಿ ಕಟ್ಟುವ ಹಳೆಯ ಉಪಾಯವೊಂದುಂಟು. ಗುದ್ದಲಿ, ಹಾರೆಗಳನ್ನು ವಾಹನದಲ್ಲಿ ಇರಿಸತಕ್ಕದ್ದು ಇದಕ್ಕಾಗಿ.

ವಿದ್ಯುತ್ತಿನ ವಿಂಚೇ ಈಗ ಎಲ್ಲೆಡೆ ರೂಢಿಯಾಗಿದೆ. ಹಗುರ, ಅಗ್ಗ, ಎಂಜಿನ್ ನಿಂತರೂ ಸ್ವಲ್ಪಕಾಲ ನಡೆಯುತ್ತದೆ. ಆದರೆ 12 ವೋಲ್ಟಿನ ಬ್ಯಾಟರಿಯಿಂದ 12,000 ಪೌಂಡನ್ನು ಎಳೆಯುವ ವಿಂಚು ಪೂರ್ಣಭಾರದಲ್ಲಿ ನಾನೂರು ಆಂಪಿಯರಿನ ಆಸುಪಾಸು ವಿದ್ಯುತ್ತನ್ನು ಹೀರುತ್ತದೆ. ಸಾಮಾನ್ಯವಾದ ಆಲ್ಟರ್ನೇಟರು ಅದರ ಕಾಲುಪಾಲನ್ನು ಕೊಟ್ಟರೆ ಹೆಚ್ಚು. ಉಳಿದುದೆಲ್ಲ ಬ್ಯಾಟರಿಯಿಂದಲೇ ಬರಬೇಕು. ಜೀಪಿನಲ್ಲಿ ಬ್ಯಾಟರಿ ಇಳಿದರೆ ತಳ್ಳಿ ಸ್ಟಾರ್ಟ್ ಮಾಡಬಹುದು. ತೇಲುವ ವಾಹನದಲ್ಲಿ ಹಾಗಲ್ಲ: ಒಡಲಿನೊಳಕ್ಕೆ ಒಸರಿದ ನೀರನ್ನು ಹೊರಹಾಕುವ ಪಂಪೂ ಅದೇ ಬ್ಯಾಟರಿಯನ್ನು ನಂಬಿಕೊಂಡಿರುತ್ತದೆ. ಅರ್ಧ ನೀರಿನಲ್ಲಿ, ಅರ್ಧ ದಡದಲ್ಲಿ ಸಿಕ್ಕಿಕೊಂಡ ವಾಹನವು ವಿಂಚಿಗಾಗಿ ಬ್ಯಾಟರಿಯನ್ನು ಬರಿದುಮಾಡಿಕೊಂಡು, ಪಂಪು ನಿಂತು, ಹಿಂಭಾಗದಲ್ಲಿ ನೀರು ತುಂಬುತ್ತ ಇನ್ನಷ್ಟು ಭಾರವಾಗಿ ಕುಸಿಯುವುದು ಕೇವಲ ಕಲ್ಪನೆಯ ಅಪಾಯವಲ್ಲ. ಪರಿಕರಗಳ ಜೋಡಣೆಯಲ್ಲಿಯೇ ಅಡಗಿರುವ ಅಪಾಯ. ವಿಂಚಿಗೇ ಪ್ರತ್ಯೇಕವಾದ ಬ್ಯಾಟರಿಯನ್ನು ಕೊಟ್ಟು, ಪಂಪಿನ ಬ್ಯಾಟರಿಯನ್ನು ಅದು ಮುಟ್ಟದಂತೆ ಬೇರ್ಪಡಿಸಿ, ಎರಡನ್ನೂ ಒಡಲಿನ ತಳದಿಂದ ಎತ್ತರದಲ್ಲಿಟ್ಟು, ನಡುವೆ ಕೈಯಿಂದ ಕಡಿಯಬಲ್ಲ ಸ್ವಿಚ್ಚೊಂದನ್ನು ಹಾಕಿಸುವವರೆಗೆ ಯಾವ ಅಧಿಕಾರಿಯೂ ಇಂಥ ವಾಹನವನ್ನು ಒಪ್ಪಿಕೊಳ್ಳಬಾರದೆಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ. ಇದರೊಡನೆ ಎಂಜಿನ್ನು ಓಡುತ್ತಿರುವಾಗಲೇ, ಒಂದೊಂದು ನಿಮಿಷ ಎಳೆದು ಮೋಟಾರು ತಣಿಯುವಷ್ಟು ಬಿಡುವು ಕೊಡುತ್ತ ಕೆಲಸಮಾಡುವ ಸಂಯಮವೂ ಬೇಕು. ನೀರಿನಲ್ಲಿ ಮುಳುಗಿದ ವಿಂಚನ್ನು ಅಂದೇ ಶುದ್ಧವಾದ ನೀರಿನಿಂದ ತೊಳೆದು ಹಗ್ಗವನ್ನು ಬಿಚ್ಚಿ ಒಣಗಿಸದಿದ್ದರೆ ಮರುವರ್ಷ ಅದು ತಿರುಗುವ ಭರವಸೆಯಿಲ್ಲ. ನೀರು ಹೊಗದಂತೆ ಮುದ್ರಿಸಿದ ಮೋಟಾರು ಎಂಬ ಮಾತನ್ನು ಮಾರುವವನ ಬಾಯಿಂದ ಕೇಳಿದ ಮಾತ್ರಕ್ಕೆ ನಂಬದೆ, ಅದಕ್ಕೆ ದೊರೆತಿರುವ ಪ್ರಮಾಣಪತ್ರವನ್ನು ಕೇಳಿ ನೋಡಬೇಕು.

ಹಗ್ಗದ ವಿಷಯದಲ್ಲಿ ನನಗೆ ಸಂದೇಹವಿಲ್ಲ. ತೋಟದ ಜೀಪುಗಳಲ್ಲಿ ಉಕ್ಕಿನ ಹಗ್ಗವೇ ಬಹುಕಾಲದಿಂದ ಬಳಕೆಯಲ್ಲಿದ್ದು, ಕಲ್ಲಿಗೆ ಉಜ್ಜಿದರೂ ಬಿಸಿಲಿಗೆ ಬಿದ್ದರೂ ತಾಳುವ ಅದರ ಗುಣವನ್ನು ನಾನು ಬಲ್ಲೆ. ಆದರೂ ಉಭಯಚರ ವಾಹನಕ್ಕೆ ಡೈನೀಮಾ ಮೊದಲಾದ ಹೆಸರುಗಳಿಂದ ಬರುವ ಪಾಲಿಎಥಿಲೀನ್ ನೂಲಿನ ಹಗ್ಗವೇ ಯೋಗ್ಯ. ಅದು ಉಕ್ಕಿಗಿಂತ ಹಗುರವಾಗಿ ಮೂತಿಯ ಮೇಲಿನ ಹೊರೆಯನ್ನು ಇಳಿಸುತ್ತದೆ. ನೀರಿಗಿಂತಲೂ ಹಗುರವಾದುದರಿಂದ ಮುಳುಗದೆ ಮೇಲೆ ತೇಲಿ ಕಣ್ಣಿಗೆ ಕಾಣುತ್ತದೆ. ತುಂಡಾದಾಗ ಉಕ್ಕಿನಷ್ಟು ಭೀಕರವಾಗಿ ಹಿಂದಕ್ಕೆ ಬೀಸುವುದಿಲ್ಲ. ಇವೆಲ್ಲಕ್ಕಿಂತ ಹೆಚ್ಚಿನ ಕಾರಣವೊಂದಿದೆ. ಸೆಳವಿರುವ ನೀರಿನಲ್ಲಿ ತೇಲುವ ವಾಹನವನ್ನು ಹಗ್ಗದಿಂದ ದಡದ ಮರಕ್ಕೆ ಬಿಗಿದ ಕ್ಷಣದಿಂದ ಅದು ಸ್ವತಂತ್ರವಲ್ಲ. ಸೆಳವು ಅದನ್ನು ಅಡ್ಡಲಾಗಿ ತಿರುಗಿಸಿದರೆ, ಬಿಗಿದ ಹಗ್ಗವು ಪಕ್ಕಕ್ಕೆ ಎಳೆಯುತ್ತಿದ್ದರೆ, ಹರಿವಿನ ಎದುರಿನ ಅಂಚು ತಗ್ಗಿ ನೀರು ಒಳಕ್ಕೆ ನುಗ್ಗಿ ಕೆಲವೇ ಕ್ಷಣಗಳಲ್ಲಿ ವಾಹನ ಮಗುಚಬಹುದು. ಆಗ ಹಗ್ಗವನ್ನು ಬಿಡಿಸಬೇಕು, ಬಿಡಿಸಲಾಗದಿದ್ದರೆ ಕಡಿಯಬೇಕು. ನೂಲಿನ ಹಗ್ಗವನ್ನು ಹರಿತವಾದ ಕತ್ತಿಯೊಂದು ಕಡಿದುಹಾಕುತ್ತದೆ. ಉಕ್ಕಿನ ಹಗ್ಗವನ್ನು ಕಡಿಯುವ ಸಾಧನ ಆ ಹೊತ್ತಿನಲ್ಲಿ ಯಾರ ಕೈಯಲ್ಲಿರುತ್ತದೆ? ಚಾಲಕನ ಕೈಗೆಟುಕುವಲ್ಲಿ ಕತ್ತಿಯೊಂದು ಸದಾ ಕಟ್ಟಿರಬೇಕೆಂಬುದನ್ನೂ, ವಿಂಚಿನ ಕ್ಲಚ್ಚನ್ನು ಬಿಡಿಸುವ ಹಿಡಿಯು ಕುಳಿತಲ್ಲಿಂದಲೇ ಮುಟ್ಟುವಂತಿರಬೇಕೆಂಬುದನ್ನೂ ನಾನು ವಿಂಚಿನ ಆಯ್ಕೆಯ ಭಾಗವಾಗಿಯೇ ಪರಿಗಣಿಸುತ್ತೇನೆ. ವಾಹನವು ಪೂರ್ಣವಾಗಿ ತೇಲುತ್ತಿರುವಾಗ, ಸೆಳವಿಗೆ ಅಡ್ಡಲಾಗಿ, ಜನರನ್ನು ಒಳಗಿಟ್ಟುಕೊಂಡು ವಿಂಚಿನಿಂದ ಎಳೆಯಲೇಬಾರದು. ಮೂತಿ ನೆಲಕ್ಕೆ ತಗಲಿದ ಮೇಲೆಯೇ ಅದರ ಕೆಲಸ.

ನೂಲಿನ ಹಗ್ಗಕ್ಕೆ ದೋಷವಿಲ್ಲವೆಂದಲ್ಲ. ಗದ್ದೆಯ ನೀರಿನ ಸಣ್ಣ ಮರಳು ನೂಲಿನೊಳಕ್ಕೆ ಹೊಕ್ಕು ಒಳಗಿಂದಲೇ ಎಳೆಗಳನ್ನು ಕೊರೆಯುತ್ತದೆ. ಕೆಲವು ವಿಂಚುಗಳಲ್ಲಿ ಉರುಳೆಯ ಒಳಗೇ ಬ್ರೇಕ್ ಇರುವುದರಿಂದ ಅದರ ಬಿಸಿಯೂ ಹಗ್ಗಕ್ಕೆ ಕೆಡುಕು. ಉಕ್ಕಿನ ಹಗ್ಗ ಹಾಯ್ದು ಗೀರುಬಿದ್ದ ಹಳೆಯ ರೋಲರಿನ ಮೇಲೆ ಇದನ್ನು ಹಾಯಿಸಿದರೆ ಅಲ್ಲಿಯೂ ಕೊಯ್ದುಹೋಗುತ್ತದೆ. ಆದುದರಿಂದ ನುಣುಪಾದ ಅಲ್ಯುಮಿನಿಯಮ್ ಬಾಯಿಯನ್ನು ಹೊಸದಾಗಿ ಹಾಕಿಸಬೇಕು. ಉಕ್ಕಿಗೆ ಉರುಳೆಯ ಮೇಲೆ ಐದು ಸುತ್ತು ಉಳಿಸಿದರೆ ಸಾಕಾಗುವಲ್ಲಿ ಜಾರುವ ಸ್ವಭಾವದ ಈ ಹಗ್ಗಕ್ಕೆ ಎಂಟು ಹತ್ತು ಸುತ್ತುಗಳನ್ನಾದರೂ ಉಳಿಸಬೇಕು.

ಇನ್ನು ಕೂರಿಸುವ ಸ್ಥಾನ. ಜೀಪಿಗೆ ವಿಂಚು ಹಾಕುವುದೆಂದರೆ ಚಾಸಿಯ ಎರಡು ತೊಲೆಗಳ ತುದಿಗೆ ದಪ್ಪ ತಗಡಿನ ಪೀಠವನ್ನು ಬೋಲ್ಟು ಮಾಡುವುದು. ಗ್ಯಾರೇಜಿನ ಯಾವ ಒಳ್ಳೆಯ ಮೇಸ್ತ್ರಿಯೂ ಅದನ್ನು ಮಾಡಿಕೊಡುತ್ತಾನೆ. ತೇಲುವ ವಾಹನದ ಹೊರಮೈ ದೋಣಿಯ ಒಡಲು. ಸಣ್ಣ ನಮೂನೆಗಳಲ್ಲಿ ಅದು ಅಚ್ಚುಹಾಕಿದ ಪ್ಲಾಸ್ಟಿಕ್ಕು. ಟನ್ನುಗಟ್ಟಲೆ ಎಳೆತವನ್ನು ಒಡಲಿನ ಗೋಡೆಗೆ ಹೊರಿಸಿದರೆ ಗೋಡೆ ಬಿರಿಯುತ್ತದೆ, ಮತ್ತು ಅದು ಬಿರಿಯುವುದು ನೀರಿಗೆ ಅತಿ ಸಮೀಪವಾದ ಮೂಲೆಯಲ್ಲಿ. ಆದಕಾರಣ ವಿಂಚಿನ ಪೀಠವು ಒಡಲನ್ನು ಹಾದು ಒಳಗಿನ ಉಕ್ಕಿನ ಚೌಕಟ್ಟಿಗೇ ಹೋಗಿ ಸೇರಬೇಕು. ಒಡಲಿನಲ್ಲಿ ಕೊರೆಯುವ ಪ್ರತಿಯೊಂದು ತೂತೂ ಪೂರ್ಣಹೊರೆಯ ನೀರುಗೆರೆಗಿಂತ ಮೇಲೆಯೇ ಇರಬೇಕು. ಒಳಗೊಂದು ಹೊರಗೊಂದು ಅಗಲವಾದ ತಗಡು, ನಡುವೆ ರಬ್ಬರ್ ಹಾಳೆ ಇಲ್ಲದೆ ಬೋಲ್ಟನ್ನು ಬಿಗಿಯಬಾರದು. ತುಕ್ಕು ಹಿಡಿಯದೆಂಬ ಮೋಹದಿಂದ ಅಂಗಡಿಯ ಸಾಧಾರಣ ಸ್ಟೇನ್‌ಲೆಸ್ ಬೋಲ್ಟನ್ನು ಹಾಕುವವರುಂಟು. ಎಳೆತದ ಜಾಗಕ್ಕೆ ಬೇಕಾದುದು ತಲೆಯ ಮೇಲೆ 8.8 ಅಥವಾ 10.9 ಎಂದು ಅಚ್ಚೊತ್ತಿದ ಉಕ್ಕಿನ ಬೋಲ್ಟು. ಅದಕ್ಕೆ ತುಕ್ಕು ಹಿಡಿದರೆ ಬದಲಿಸಬಹುದು. ಇನ್ನೊಂದು ಕಿತ್ತುಬಂದರೆ ಜೀವಹಾನಿ.

ಮುಂದೆಯೋ ಹಿಂದೆಯೋ ಎಂಬ ಪ್ರಶ್ನೆಯಲ್ಲಿ ಬಹುಮತವು ಮುಂದಿನ ಪಕ್ಷಕ್ಕೇ ಇದೆ. ದಡವನ್ನು ಹತ್ತುವುದು ಮೂತಿಯಾದುದರಿಂದ ವಿಂಚೂ ಅಲ್ಲಿಯೇ ಇರಲೆಂಬುದು ಸಹಜವಾದ ತರ್ಕ. ಆದರೆ ಹಗ್ಗ, ಪೀಠಗಳೊಡನೆ ನಲವತ್ತು ಐವತ್ತು ಕಿಲೋಗಳನ್ನು ಮೂತಿಯ ತುದಿಯಲ್ಲಿಟ್ಟರೆ ಹಗುರವಾದ ವಾಹನದ ಮುಂಭಾಗ ನೀರಿನಲ್ಲಿ ತಗ್ಗುತ್ತದೆ, ಅಲೆ ಒಳಕ್ಕೆ ಚಿಮ್ಮುತ್ತದೆ. ಜಿಪಿಎಗೆ ಬಂದ ಗತಿಯನ್ನು ಇಲ್ಲಿ ನೆನೆಯಬೇಕು. ವಿಂಚನ್ನು ತೀರ ಕೆಳಗಿಟ್ಟರೆ ಅದು ದಡದ ಮಣ್ಣನ್ನು ಅಗೆಯುವ ಸಲಿಕೆಯಾಗುತ್ತದೆ. ಇದಕ್ಕಿಂತ ಗಂಭೀರವಾದ ವಿಚಾರವೆಂದರೆ, ರಕ್ಷಣೆಗೆ ಹೊರಟ ವಾಹನವು ಸಿಕ್ಕಿಕೊಂಡಾಗ ಬಹಳ ಸಲ ಹಿಂದಕ್ಕೆ, ತಾನು ಬಂದ ಕಡೆಗೆ, ಹೋಗುವುದೇ ವಿವೇಕ. ಹಿಂದಿನ ದಡದ ನೆಲ ತಿಳಿದದ್ದು, ಅಲ್ಲಿ ಜನರಿದ್ದಾರೆ, ಮರ ಯಾವುದೆಂದು ನೋಡಿಟ್ಟಿದೆ. ಡಕ್ ವಾಹನವನ್ನು ರಚಿಸಿದವರು ವಿಂಚನ್ನು ಹಿಂದಿಟ್ಟುದು ಈ ದೃಷ್ಟಿಯಿಂದಲೂ ಸಾರ್ಥಕವಾದ ನಿರ್ಣಯವೆನಿಸುತ್ತದೆ. ದೊಡ್ಡ ವಾಹನಕ್ಕೆ ನಾನು ಹಿಂದೆಯೇ ಸ್ಥಿರವಾದ ವಿಂಚನ್ನೂ ಮುಂದೆ ರಾಟೆಗೆ ಗಟ್ಟಿಯಾದ ಕೊಂಡಿಗಳನ್ನೂ ಸೂಚಿಸುತ್ತೇನೆ. ಸಣ್ಣ ವಾಹನಕ್ಕಾದರೆ ಮುಂದೆ ಹಿಂದೆ ಎರಡೂ ಕಡೆ ಚೌಕಟ್ಟಿಗೆ ಬೆಸೆದ ಚೌಕಬಾಯಿಯ ಕೊಳವೆಯನ್ನಿಟ್ಟು, ವಿಂಚನ್ನು ಬೇಕಾದೆಡೆ ಸಿಕ್ಕಿಸಿ ಪಿನ್ನು ಹಾಕಿ, ಉಳಿದ ಹೊತ್ತಿನಲ್ಲಿ ವಾಹನದ ನಡುವೆ ತಳಕ್ಕೆ ಕಟ್ಟಿಡುವ ಏರ್ಪಾಡು ಲೇಸು. ತೂಕ ನಡುವಿಗೆ ಬಂದಷ್ಟೂ ತೇಲಾಟ ಸಮವಾಗುತ್ತದೆ.

ಕಾನೂನಿನ ಒಂದು ಮಾತನ್ನೂ ಇಲ್ಲಿ ಹೇಳಬೇಕಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನಿರ್ಮಾಪಕನು ಕೊಟ್ಟ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ವಾಹನಗಳ ಮುಂದಿನ ಉಕ್ಕಿನ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದುದೂ, 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 52ನೆಯ ಪ್ರಕರಣದ ನಿಷೇಧವನ್ನು ಎತ್ತಿಹಿಡಿದುದೂ ಎಲ್ಲರಿಗೂ ತಿಳಿದಿದೆ. ಪಾದಚಾರಿಗಳ ರಕ್ಷಣೆಗಾಗಿ ಗಾರ್ಡುಗಳ ಕುರಿತು ಮಾಡಿದ ನಿಯಮವನ್ನು ನಾನು ಗೌರವಿಸುತ್ತೇನೆ. ಆದರೆ ವಿಂಚಿನ ಪೀಠಕ್ಕೂ ಪೇಟೆಯ ಬೀದಿಯಲ್ಲಿ ಮೆರೆಯುವ ಗಾರ್ಡಿಗೂ ಇರುವ ಅಂತರವನ್ನು ಬರವಣಿಗೆಯಲ್ಲಿ ಗುರುತಿಸದೆ ಹೋದರೆ, ಮಳೆಗಾಲದಲ್ಲಿ ನೆರೆಯವರನ್ನು ಎಳೆದು ಕಾಪಾಡುವ ತೋಟದ ಜೀಪಿನವನು ಪ್ರತಿ ತಪಾಸಣೆಯಲ್ಲೂ ಅಪರಾಧಿಯಂತೆ ನಿಲ್ಲಬೇಕಾಗುತ್ತದೆ. ವಿಂಚು ಕೂರಿಸಿದ ವಿಧಾನವನ್ನು ಪರೀಕ್ಷಿಸಿ ನೋಂದಣಿ ಪತ್ರದಲ್ಲಿ ನಮೂದಿಸಿಕೊಡುವ ಸರಳವಾದ ಕ್ರಮವೊಂದನ್ನು ಸಾರಿಗೆ ಇಲಾಖೆಯು ರೂಪಿಸಬೇಕು. ಮಲೆನಾಡಿನಲ್ಲಿ ಆಪತ್ತಿನ ಮೊದಲ ಗಂಟೆಯಲ್ಲಿ ಬಂದು ಮುಟ್ಟುವುದು ಈ ಜೀಪುಗಳೇ ಹೊರತು ದೂರದ ಪಡೆಗಳಲ್ಲ.

ಹಾಸನ ಜಿಲ್ಲೆಗಾಗಲಿ ಬೇಲೂರು ತಾಲ್ಲೂಕಿಗಾಗಲಿ ಮುಂದೊಂದು ದಿನ ಉಭಯಚರ ವಾಹನವನ್ನು ಕೊಳ್ಳುವ ಪ್ರಸ್ತಾಪ ಬಂದಾಗ, ಟೆಂಡರಿನ ಕಾಗದದಲ್ಲಿ ವಿಂಚೆಂಬ ಒಂದೇ ಪದವನ್ನು ಬರೆದು ಬಿಡದೆ, ಅದರ ಎಳೆತ ಎಷ್ಟನೆಯ ಪದರದಲ್ಲಿ ಎಷ್ಟು, ಬ್ಯಾಟರಿ ಪ್ರತ್ಯೇಕವೋ ಅಲ್ಲವೋ, ಪೀಠ ಯಾವುದಕ್ಕೆ ಸೇರಿದೆ, ಹಗ್ಗ ಯಾವುದು, ರಾಟೆಗಳೆಷ್ಟು, ಮರಕ್ಕೆ ಸುತ್ತುವ ಪಟ್ಟಿಗಳೆಷ್ಟು ಎಂಬುದನ್ನೆಲ್ಲ ವಿಶದವಾಗಿ ಕೇಳಬೇಕೆಂದು ಸಂಬಂಧಪಟ್ಟವರಲ್ಲಿ ನನ್ನ ವಿನಂತಿ. ಅದನ್ನು ನಡೆಸುವ ಕೆಲಸಕ್ಕೆ ಪೇಟೆಯಿಂದ ಯಾರನ್ನೋ ತಂದು ಕೂರಿಸುವ ಬದಲು, ಅರೇಹಳ್ಳಿ ಬಿಕ್ಕೋಡುಗಳ ತೋಟಗಳಲ್ಲಿ ಜೀಪು ಓಡಿಸಿ ಪಳಗಿದ ಹುಡುಗರನ್ನು ಆರಿಸಿ, ಈಜು ಬಲ್ಲವರನ್ನು ಮೊದಲಾಗಿ ತೆಗೆದುಕೊಂಡು, ಸಂಬಳ ಕೊಟ್ಟು ತರಬೇತು ಮಾಡಬೇಕು. ವಾಹನವನ್ನು ಒಪ್ಪಿಕೊಳ್ಳುವ ಮೊದಲು ಅದರ ಪರೀಕ್ಷೆಯು ಹಾಸನದ ಮೈದಾನದ ಗಟ್ಟಿನೆಲದಲ್ಲಿ ನಡೆಯದೆ, ಮೃಗಶಿರಾ ಮಳೆ ಬಿದ್ದು ನೆಲ ನೆನೆದ ಮೇಲೆ ಯಗಚಿಯ ಹಿನ್ನೀರಿನ ಅಂಚಿನಲ್ಲಿ, ಜನರ ಬದಲಿಗೆ ಅಷ್ಟೇ ತೂಕದ ಮರಳಿನ ಮೂಟೆಗಳನ್ನು ಹೇರಿ ನಡೆಯಬೇಕು. ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ, ತನ್ನ ವಿಂಚಿನಿಂದ ತಾನೇ, ಪಂಪು ನಿಲ್ಲದಂತೆ ದಡ ಹತ್ತಿ ತೋರಿಸಿದ ವಾಹನಕ್ಕೆ ಮಾತ್ರ ಹಣವನ್ನು ಪಾವತಿ ಮಾಡತಕ್ಕದ್ದು.